ಪಕ್ಕದ ಮರ

*ದಿನದ ಧಮ್ಮ ಚಿಂತನೆ*

ಇವತ್ತಿನ ಚಿಂತನೆ ಸ್ವಲ್ಪ ಉದ್ದವಿದೆ. ಬಸ್ಸಿನಲ್ಲಿ ಕೂತವರು ಈಗಲೇ ಓದಿ, ಒಲೆ ಮುಂದೆ ಇರುವವರು ರಾತ್ರಿ ಓದಿ.

ಕಾಡಿನ ಬಗ್ಗೆ ಎರಡು ಥರದ ಮಾತು ನಮ್ಮ ಫೋನುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಒಂದು ಹೀಗೆ: ಮರಗಳು ಬೇರಿನ ಮೂಲಕ ಒಂದಕ್ಕೊಂದು ಊಟ ಹಂಚುತ್ತವೆ, ದೊಡ್ಡ ಮರ ತಾಯಿಯಂತೆ ಸಸಿಗಳನ್ನು ಸಾಕುತ್ತದೆ, ಅಲ್ಲಿ ಜಗಳವಿಲ್ಲ, ಎಲ್ಲಕ್ಕೂ ಅದರದರ ಜಾಗವಿದೆ, ಮನುಷ್ಯರೂ ಅವರವರ ಜಾಗದಲ್ಲಿ ನೆಮ್ಮದಿಯಾಗಿರಬೇಕು. ಇನ್ನೊಂದು ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳಿಸುವಂಥದು: ಕಾಡಿನಲ್ಲಿ ಬಲ ಇದ್ದದ್ದು ಮೇಲೇಳುತ್ತದೆ, ಇಲ್ಲದ್ದು ಒಣಗುತ್ತದೆ, ಮರಕ್ಕೆ ಯಾರಾದರೂ ಮೀಸಲಾತಿ ಕೊಟ್ಟಿದ್ದಾರಾ? ಒಂದು ಸಾಮರಸ್ಯದ ಮಾತು, ಇನ್ನೊಂದು ಪೈಪೋಟಿಯ ಮಾತು. ಆದರೆ ಕೇಳುವವನು ಕೇರಿಯಿಂದ ಬಂದವನಾದರೆ ಎರಡೂ ಅವನಿಗೆ ಹೇಳುವುದು ಒಂದೇ, ಇದ್ದಲ್ಲೇ ಇರು ಅಂತ.

ಕಾಡು ನಿಜವಾಗಿ ಹಾಗೆ ಸಾಕ್ಷಿ ಹೇಳುತ್ತದೆಯೇ? ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು, ಹಾಗಾಗಿ ಈ ಪ್ರಶ್ನೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಜೊತೆಗೆ ನಮ್ಮ ಬಳಗ ಈ ಭಾನುವಾರ ವಿದ್ಯಾನಿಧಿಯ ಬಗ್ಗೆ ಒಂದು ತೀರ್ಮಾನ ಮಾಡಬೇಕಿದೆ. ಅದಕ್ಕೂ ಮರಗಳಿಗೂ ಏನು ಸಂಬಂಧ ಅಂದರೆ, ಇದೆ, ಆಮೇಲೆ ಬರುತ್ತೇನೆ.

ಮೊದಲು ಕಾಡಿನಲ್ಲಿ ಅಳೆದು ನೋಡಿದ್ದೇನು ಎಂಬುದನ್ನು ತಿಳಿಯೋಣ. ಪನಾಮ ದೇಶದ ಬಾರೊ ಕೊಲರಾಡೊ ದ್ವೀಪದಲ್ಲಿ ಸ್ಟೀಫನ್ ಹಬೆಲ್, ರಾಬಿನ್ ಫಾಸ್ಟರ್ ಎಂಬ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿಕೊಂಡರು. ಅಲ್ಲಿ ಒಂದು ಸೆಂಟಿಮೀಟರ್ ದಪ್ಪದ ಕಡ್ಡಿಯಂಥ ಗಿಡದಿಂದ ಹಿಡಿದು ಮಹಾವೃಕ್ಷದವರೆಗೆ ಪ್ರತಿಯೊಂದಕ್ಕೂ ನಂಬರಿನ ಬಿಲ್ಲೆ ಕಟ್ಟಿದರು. ಎರಡು ಲಕ್ಷಕ್ಕೂ ಹೆಚ್ಚು ಕಾಂಡಗಳು! ಕೆಲವು ವರ್ಷಕ್ಕೊಮ್ಮೆ ಹೋಗಿ ಯಾವುದು ಎಷ್ಟು ದಪ್ಪವಾಯಿತು, ಯಾವುದು ಸತ್ತಿತು, ಅದರ ಪಕ್ಕ ಯಾರು ನಿಂತಿದ್ದರು ಎಂದು ಬರೆದುಕೊಳ್ಳುತ್ತಾರೆ. ಇಂಥದೇ ಒಂದು 50 ಹೆಕ್ಟೇರ್ ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಜೊತೆಯವರು 1988ರಲ್ಲಿ ಶುರು ಮಾಡಿದ್ದು. ಮತ್ತಿ, ದಿಂಡಿಗ, ನಂದಿ, ತೇಗ, ಕಕ್ಕೆ, ಎಲ್ಲಕ್ಕೂ ಅಲ್ಲಿ ನಂಬರಿದೆ.

(ಮರದ ವಿಷಯದಲ್ಲಿ ನಾನು 'ಜಾತಿ' ಎಂಬ ಪದ ಬಳಸುವುದಿಲ್ಲ, 'ಬಗೆ' ಅನ್ನುತ್ತೇನೆ. ಮಾವು ಬೇರೆ, ಬೇವು ಬೇರೆ, ಹಾಗೇ ಜಾತಿಗಳೂ ಬೇರೆ ಬೇರೆ ಎನ್ನುವವರಿಗೆ ಈ ಪದದಿಂದ ಬಹಳ ಅನುಕೂಲವಾಗಿದೆ. ಮಾವು ಬೇವಿನ ನಡುವೆ ಮಕ್ಕಳಾಗುವುದಿಲ್ಲ. ಮನುಷ್ಯರ ನಡುವೆ ಆಗುತ್ತವೆ, ಅದಕ್ಕೇ ತಾನೇ ಅಷ್ಟೊಂದು ಕಾವಲು, ಕೊಲೆ.)

ಈ ಲೆಕ್ಕದಿಂದ ತಿಳಿದುಬಂದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು: ಒಂದು ಮರ ಬೆಳೆಯುವುದೋ ಸಾಯುವುದೋ ಎಂಬುದರಲ್ಲಿ ಅದರ ಬೀಜಕ್ಕೆ ಎಷ್ಟು ಪಾಲಿದೆಯೋ ಅದರ ನೆರೆಗೂ ದೊಡ್ಡ ಪಾಲಿದೆ. ಪಕ್ಕದ ಮರ ಎಷ್ಟು ದೊಡ್ಡದು, ಎಷ್ಟು ಹತ್ತಿರ, ಯಾವ ಬಗೆಯದು, ಇಷ್ಟರ ಮೇಲೆ ಸಸಿಯ ಹಣೆಬರಹ ಬಹುಮಟ್ಟಿಗೆ ನಿಂತಿರುತ್ತದೆ. ಮೇಲೆ ಬಿಸಿಲು, ಕೆಳಗೆ ನೀರು, ಎರಡಕ್ಕೂ ಪಾಲುದಾರರು. ಹಾಗಂತ ಎಲ್ಲ ಕಾಡಿನಲ್ಲೂ ನೆರೆಯೇ ದೊಡ್ಡ ಕಾರಣ ಅನ್ನುವಂತಿಲ್ಲ. ಮುದುಮಲೆಯಂಥ ಒಣ ಕಾಡಿನಲ್ಲಿ ಬೆಂಕಿ, ಬರ, ಆನೆ ಇವೂ ಲೆಕ್ಕ ಬದಲಿಸುತ್ತವೆ. ಅಲ್ಲಿ ಬೆಂಡೆ ಮರಗಳು ತೀರಾ ಕಡಿಮೆಯಾಗಿದ್ದು ಆನೆಗಳು ಅವನ್ನು ಮುರಿದು ತಿಂದದ್ದರಿಂದ.

ಇನ್ನೊಂದು ಸಂಗತಿ ಇದೆ. 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು. ಉಷ್ಣವಲಯದ ಕಾಡಿನಲ್ಲಿ ತಾಯಿಮರದ ಬುಡದಲ್ಲಿ ಬಿದ್ದ ಬೀಜಕ್ಕೆ ಉಳಿವು ಕಷ್ಟ, ದೂರ ಬಿದ್ದದ್ದು ಬದುಕುವ ಸಾಧ್ಯತೆ ಹೆಚ್ಚು. ಏಕೆಂದರೆ ಆ ಬಗೆಯನ್ನೇ ತಿನ್ನುವ ಹುಳು, ಆ ಬಗೆಗೇ ಹತ್ತುವ ಬೂಷ್ಟು ತಾಯಿಮರದ ಸುತ್ತಲ ಮಣ್ಣಿನಲ್ಲಿ ಮೊದಲೇ ಮನೆ ಮಾಡಿರುತ್ತವೆ. ದೊಡ್ಡ ಮರ ಅವನ್ನು ತಡೆದುಕೊಳ್ಳುತ್ತದೆ, ಎಳೆಯದು ತಡೆಯಲಾರದು. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ ವಿಜ್ಞಾನಿಗಳು ಕೆಲವು ಜಾಗಗಳಿಗೆ ಬೂಷ್ಟುನಾಶಕ ಸಿಂಪಡಿಸಿ ನೋಡಿದರು. ಆ ಜಾಗಗಳಲ್ಲಿ ಮೊಳೆತು ಉಳಿದ ಸಸಿಗಳಲ್ಲಿ ಬಗೆಗಳ ಸಂಖ್ಯೆ ಕಡಿಮೆಯಾಯಿತು. 2014ರಲ್ಲಿ ಅದು ಪ್ರಕಟವಾಯಿತು. ಅಂದರೆ ಒಂದೇ ಬಗೆಯ ಮರ ಇಡೀ ಕಾಡನ್ನು ಹಿಡಿದುಕೊಳ್ಳದಂತೆ ತಡೆಯುತ್ತಿದ್ದವರಲ್ಲಿ ಕಣ್ಣಿಗೆ ಕಾಣದ ಆ ಬೂಷ್ಟೂ ಒಂದು.

ಬರೀ ಕಿತ್ತಾಟವೇ ಎಂದರೆ ಅದೂ ಇಲ್ಲ. ಬಿಸಿಲು ಸುಡುವ ಜಾಗದಲ್ಲಿ ಪಕ್ಕದ ಪೊದೆಯ ನೆರಳು ಸಸಿಯನ್ನು ಉಳಿಸುತ್ತದೆ. ನಮ್ಮ ಶ್ರೀಗಂಧವನ್ನೇ ನೋಡಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ನೀರು, ಲವಣ ಹೀರುತ್ತದೆ. ಹಾಗೆ ಹೀರದೆ ಅದು ಚೆನ್ನಾಗಿ ಬೆಳೆಯುವುದೇ ಇಲ್ಲ. ಅದಕ್ಕೇ ನರ್ಸರಿಯವರು ಗಂಧದ ಸಸಿಯ ಪಕ್ಕದಲ್ಲೇ ಒಂದು ತೊಗರಿ ಗಿಡ ಹಾಕುತ್ತಾರೆ. ತೊಗರಿ ಒಂದೆರಡು ವರ್ಷದಲ್ಲಿ ಮುಗಿದುಹೋಗುತ್ತದೆ. ಗಂಧದ ಹೆಸರಿನ ಹಿಂದೆ 'ಶ್ರೀ' ಸೇರಿಸಿದ ನಾವು ತೊಗರಿಗೆ ಏನೂ ಸೇರಿಸಲಿಲ್ಲ. ಸ್ವಂತ ಯೋಗ್ಯತೆಯಿಂದ ಮೇಲೆ ಬಂದೆ ಎನ್ನುವವರನ್ನು ಕಂಡಾಗಲೆಲ್ಲ ನನಗೆ ಆ ತೊಗರಿ ನೆನಪಾಗುತ್ತದೆ.

ಹಾಗಾದರೆ ತಾಯಿಮರ ಊಟ ಹಂಚುವ ಫಾರ್ವರ್ಡು? ಅದರ ಹಿಂದೆ ಒಂದು ನಿಜವಾದ ಪ್ರಯೋಗವಿದೆ. 1997ರಲ್ಲಿ ಕೆನಡಾದ ಸುಝಾನ್ ಸಿಮರ್ಡ್ ಮತ್ತು ಸಂಗಡಿಗರು ಅಲ್ಲಿನ ಕಾಡಿನ ಎರಡು ಬಗೆಯ ಸಸಿಗಳ ನಡುವೆ ಇಂಗಾಲ ಹೋಗಿಬರುವುದನ್ನು ತೋರಿಸಿದರು. ಬೇರಿಗೆ ಅಂಟಿಕೊಂಡ ಶಿಲೀಂಧ್ರದ ನೂಲುಗಳು ದಾರಿಯಾಗಿರಬಹುದು ಎಂದರು. ಮುಂದೆ ಈ ಮಾತು ಬಾಯಿಂದ ಬಾಯಿಗೆ ಹೋಗಿ ತಾಯಿಮರ ಮಕ್ಕಳನ್ನು ಗುರುತಿಸುತ್ತದೆ, ಎಚ್ಚರಿಕೆ ಕಳಿಸುತ್ತದೆ ಎಂಬಲ್ಲಿಗೆ ಬೆಳೆಯಿತು. 2023ರಲ್ಲಿ ಜಸ್ಟೀನ್ ಕಾರ್ಸ್ಟ್, ಮೆಲನಿ ಜೋನ್ಸ್, ಜೇಸನ್ ಹೋಕ್ಸೆಮಾ ಎಂಬ ಮೂವರು ಅದುವರೆಗಿನ ಪ್ರಯೋಗಗಳನ್ನೆಲ್ಲ ತೆಗೆದು ನೋಡಿ, ನಿಜವಾದ ಕಾಡಿನಲ್ಲಿ ಇಷ್ಟು ದೊಡ್ಡ ಮಾತಿಗೆ ತಕ್ಕ ಪುರಾವೆ ಇಲ್ಲ ಎಂದು ಬರೆದರು. ಇವರಲ್ಲಿ ಮೆಲನಿ ಜೋನ್ಸ್ 1997ರ ಆ ಮೊದಲ ಪ್ರಯೋಗದಲ್ಲೂ ಭಾಗಿಯಾಗಿದ್ದವರು! ತಾವೇ ಹೊತ್ತಿಸಿದ ದೀಪವನ್ನು ತಾವೇ ಎತ್ತಿ, ಬೆಳಕು ಎಲ್ಲಿಯವರೆಗೆ ಬೀಳುತ್ತದೆ ಎಂದು ನೋಡಿದರು. ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದನ್ನು ಓದಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಎರಡನೆಯ ಮಾತು, ಬಲ ಇದ್ದದ್ದು ಮೇಲೇಳುತ್ತದೆ ಎನ್ನುವುದು. ಇದಕ್ಕೆ ನಮ್ಮ ತಂದೆ ನನಗೆ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದರು. ಅವರು ತೇಗದ ನೆಡುತೋಪಿನಲ್ಲಿ ಕೂಲಿ ಮಾಡಿದವರು. ತೇಗವನ್ನು ಎರಡು ಮೀಟರಿಗೆ ಒಂದರಂತೆ ನೆಟ್ಟರೆ ಹೆಕ್ಟೇರಿಗೆ 2500 ಸಸಿ. ಅಷ್ಟೂ ದೊಡ್ಡದಾಗಲು ಜಾಗವಿಲ್ಲ. ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ಕಡಿದು ತೆಳುವು ಮಾಡುತ್ತಾರೆ, ತಿನ್ನಿಂಗ್ ಅನ್ನುತ್ತಾರೆ. ಕಡಿಯಬೇಕಾದ ಮರಕ್ಕೆ ಗಾರ್ಡ್ ಗುರುತು ಹಾಕುತ್ತಾನೆ. ಅರಣ್ಯಶಾಸ್ತ್ರದಲ್ಲಿ ಮೇಲೆ ಹರಡಿ ನಿಂತ ಮರಕ್ಕೆ 'ಡಾಮಿನೆಂಟ್' ಎಂದೂ ಅದರ ಕೆಳಗೆ ಸಿಕ್ಕಿ ಬಡವಾದದ್ದಕ್ಕೆ 'ಸಪ್ರೆಸ್ಡ್' ಎಂದೂ ಹೆಸರು. ಎರಡನೆಯದನ್ನು ಕನ್ನಡಕ್ಕೆ ತಂದರೆ 'ದಮನಿತ' ಎಂದಾಗುತ್ತದೆ. ಪುಸ್ತಕ ಬರೆದವರು ನಮ್ಮನ್ನು ನೆನೆದು ಬರೆದದ್ದಲ್ಲ, ಆದರೂ ಓದುವಾಗ ನಾನು ಒಂದು ಕ್ಷಣ ನಿಂತೆ.

ಎಲ್ಲವೂ ಒಂದೇ ವಯಸ್ಸಿನವು, ಒಂದೇ ದಿನ ನೆಟ್ಟವು. ಒಂದು ತೊಡೆಯಷ್ಟು ದಪ್ಪ, ಇನ್ನೊಂದು ಮುಂಗೈಯಷ್ಟು. ನಮ್ಮಪ್ಪ ಕಡಿದ ಬುಡದ ಮೇಲೆ ಬೆರಳಿಟ್ಟು ಉಂಗುರ ತೋರಿಸುತ್ತಿದ್ದರು. ತೇಗದಲ್ಲಿ ವರ್ಷದ ಉಂಗುರ ಕಣ್ಣಿಗೇ ಕಾಣುತ್ತದೆ. ಒಳಗಿನ ಉಂಗುರಗಳು ಅಗಲ, ಪಕ್ಕದ್ದು ಮೇಲೆದ್ದು ತಲೆ ಮುಚ್ಚಿದ ವರ್ಷದಿಂದ ಉಂಗುರ ನೂಲಿನಷ್ಟು ಸಣ್ಣ. "ಇದ್ರ ಬೀಜದಲ್ಲಿ ಏನ್ ಕಮ್ಮಿ ಇತ್ತು ಹೇಳು? ಬಿಸ್ಲು ಕಮ್ಮಿ ಬಿತ್ತು, ಅಷ್ಟೇಯ," ಎನ್ನುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಉಂಗುರ ಓದಲು ಬರುತ್ತಿತ್ತು.

ಬಾಬಾಸಾಹೇಬರು ತಮ್ಮ ಕೊನೆಯ ಗ್ರಂಥ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಬದುಕಿನ ಹೋರಾಟದಲ್ಲಿ ಉಳಿದುಕೊಳ್ಳುವವನು ಬಲಿಷ್ಠ, ಸರಿ. ಆದರೆ ಬಲಿಷ್ಠನೇ ಉತ್ತಮನೂ ಹೌದೆಂದು ಹೇಳಿದವರಾರು? ಇವತ್ತು ದುರ್ಬಲನಾಗಿರುವವನಿಗೆ ರಕ್ಷಣೆ ಸಿಕ್ಕಿದರೆ ನಾಳೆ ಸಮಾಜಕ್ಕೆ ಹೆಚ್ಚು ಬೇಕಾದವನು ಅವನೇ ಆಗಬಾರದೇಕೆ? ಧಮ್ಮ ಯಾಕೆ ಪವಿತ್ರವಾಗಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು ಎಂಬುದಕ್ಕೆ ಅವರು ಕೊಡುವ ಕಾರಣಗಳಲ್ಲಿ ಇದೂ ಒಂದು. ನಿಸರ್ಗ ಹಾಗಿದೆ ಎಂಬ ಮಾತಿಗೆ ಅವರು ನಿಸರ್ಗ ಹಾಗಿಲ್ಲ ಎಂದು ವಾದ ಮಾಡಲು ಹೋಗುವುದಿಲ್ಲ, ಗಮನಿಸಿ. ಹಾಗಿದ್ದರೂ ನಾವು ಹಾಗಿರಬೇಕೆಂದೇನು ಎಂದು ಕೇಳುತ್ತಾರೆ.

ನನ್ನ ಮಟ್ಟಿಗೆ ಎರಡೂ ಫಾರ್ವರ್ಡುಗಳ ದೋಷ ಇಲ್ಲೇ ಇದೆ. ಕಾರಣವನ್ನು ತೋರಿಸಿ ಅದನ್ನೇ ನ್ಯಾಯ ಎಂದು ಕೈಗಿಡುತ್ತವೆ. ಬುದ್ಧರೂ ಕಾರಣವನ್ನೇ ಹುಡುಕಿದರು: ಇದು ಇರುವುದರಿಂದ ಅದು ಇದೆ ಎಂದರು. ಆದರೆ ದುಃಖಕ್ಕೆ ಕಾರಣವಿದೆ ಎಂದದ್ದು ದುಃಖ ಸಹಜ, ಸುಮ್ಮನಿರಿ ಎನ್ನಲಿಕ್ಕೆ ಆಗಿರಲಿಲ್ಲ. ಕಾರಣ ಗೊತ್ತಾದರೆ ಅದನ್ನು ತೆಗೆಯಬಹುದು ಎನ್ನುವುದಕ್ಕೆ. ಸಸಿ ಒಣಗುತ್ತಿರುವುದು ನೆರಳಿನಿಂದ ಎಂದು ತಿಳಿದ ಮೇಲೂ ಸಸಿ ಏನೂ ಮಾಡಲಾರದು, ಅದಕ್ಕೆ ಕಾಲಿಲ್ಲ. ನಮ್ಮ ಹಿರಿಯರಿಗೆ ಕಾಲಿತ್ತು. 1956ರ ಅಕ್ಟೋಬರ್ 14ರಂದು ನಾಗಪುರಕ್ಕೆ ರೈಲಿನಲ್ಲಿ, ಗಾಡಿಯಲ್ಲಿ, ನಡೆದುಕೊಂಡು ಬಂದ ಲಕ್ಷಾಂತರ ಜನ ಮಾಡಿದ್ದು ಮರ ಮಾಡಲಾಗದ ಕೆಲಸ. ನಿಂತ ಜಾಗ ಬಿಟ್ಟು ಹೊರಟರು.

ಈಗ ವಿದ್ಯಾನಿಧಿಯ ವಿಷಯ. ಈ ವರ್ಷ ಇಬ್ಬರು ಮಕ್ಕಳ ಓದಿಗೆ ಸಾಕಾಗುವಷ್ಟು ಹಣ ಕೂಡಿದೆ. ಅರ್ಜಿ ಹನ್ನೊಂದು ಬಂದಿವೆ. ಶೇಕಡ 85ಕ್ಕಿಂತ ಕಡಿಮೆ ಇರುವವರನ್ನು ಮೊದಲೇ ತೆಗೆದುಬಿಡೋಣ ಎಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರು ನಮ್ಮವರೇ, ನಿಧಿಗೆ ಎಲ್ಲರಿಗಿಂತ ಹೆಚ್ಚು ದುಡಿದವರು. ಅವರ ವಾದವನ್ನು ಹಗುರ ಮಾಡುವುದು ಸರಿಯಲ್ಲ. ಹಣ ಸ್ವಲ್ಪ, ಅದು ವ್ಯರ್ಥವಾಗಬಾರದು, ಒಬ್ಬ ಡಾಕ್ಟರ್ ಆದರೆ ಇಡೀ ಕೇರಿ ತಲೆಯೆತ್ತುತ್ತದೆ. ತೆಳುವು ಮಾಡುವಾಗಲೂ ಒಂದು ಪದ್ಧತಿ ಇದೇ. ಒಳ್ಳೆಯ ಮರವನ್ನು ಆರಿಸಿ ಅದರ ಸುತ್ತ ಬಿಡಿಸುತ್ತಾರೆ. ತೇಗಕ್ಕೆ ಬಿಸಿಲು ಬೇಕೇ ಬೇಕು, ಬಹಳ ಕಾಲ ನೆರಳಲ್ಲಿ ಸಿಕ್ಕಿದ್ದು ಆಮೇಲೆ ಬಿಡಿಸಿದರೂ ಚೇತರಿಸಿಕೊಳ್ಳುವುದು ಕಷ್ಟ. ಇದು ನಿಜ, ಮುಚ್ಚಿಡುವುದಿಲ್ಲ.

ಆದರೆ ಎಲ್ಲ ಮರವೂ ತೇಗವಲ್ಲ. ನಮ್ಮ ಕಡೆ ಸಾಲವೃಕ್ಷದ ಕಾಡಿಲ್ಲ. ಲುಂಬಿನಿಯಿಂದ ಕುಶಿನಾರದವರೆಗಿನ ತರಾಯಿಯಲ್ಲಿ, ಮಧ್ಯ ಭಾರತದಲ್ಲಿ ಇದೆ. ಬುದ್ಧರು ಮಹಾಪರಿನಿಬ್ಬಾಣಕ್ಕೆ ಮಲಗಿದ್ದು ಜೋಡಿ ಸಾಲಮರಗಳ ನಡುವೆ ಎಂಬುದು ನಮಗೆಲ್ಲ ಗೊತ್ತು. ಆ ಮರದ ಬಾಲ್ಯ ಹೇಗೆ ಎಂಬುದು ಹೆಚ್ಚು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಮುಂಗಾರಿನ ಮೊದಲಲ್ಲಿ ಬೀಜ ಬಿದ್ದು ಮೊಳೆಯುತ್ತದೆ. ಮಳೆಗಾಲ ಮುಗಿದು ಒಣಗಾಲ ಬಂದಾಗ, ಬೆಂಕಿಯೋ ಚಳಿಯೋ ತಾಗಿದಾಗ, ಮೇಲಿನ ಚಿಗುರು ಸತ್ತುಹೋಗುತ್ತದೆ. ನೋಡಿದವರು ಸಸಿ ಹೋಯಿತು ಅನ್ನುತ್ತಾರೆ. ಮುಂದಿನ ಮಳೆಗೆ ಅದೇ ಬೇರಿನಿಂದ ಮತ್ತೆ ಚಿಗುರುತ್ತದೆ, ಮತ್ತೆ ಸಾಯುತ್ತದೆ. ಹೀಗೆ ವರ್ಷಗಟ್ಟಲೆ. ಅಷ್ಟೂ ಕಾಲ ಮಣ್ಣಿನೊಳಗೆ ಬೇರು ದಪ್ಪವಾಗುತ್ತಾ ಇರುತ್ತದೆ. ತಲೆಯ ಮೇಲೆ ಬೆಳಕು ತೆರೆದ ಒಂದು ವರ್ಷ ಹೊರಡುವ ಚಿಗುರು ಮಾತ್ರ ಸಾಯುವುದಿಲ್ಲ, ನೇರ ಮೇಲಕ್ಕೆ ಹೋಗುತ್ತದೆ. (ಜಾನ್ಜೆನ್ ಮಾತಿಗೂ ಈ ಮರ ಪೂರ್ತಿ ಬಗ್ಗಿಲ್ಲ ಅನ್ನಿ. ಸಾಲದ ಕಾಡಿನಲ್ಲಿ ಎಲ್ಲಿ ನೋಡಿದರೂ ಸಾಲವೇ.) ಎರಡನೇ ವರ್ಷದ ಚಳಿಗಾಲದಲ್ಲಿ ಯಾರಾದರೂ ಬಂದು ಆ ಸಸಿಗಳಿಗೆ ಅಂಕ ಕೊಟ್ಟಿದ್ದರೆ ಎಲ್ಲಕ್ಕೂ ಸೊನ್ನೆ.

ಹನ್ನೊಂದು ಅರ್ಜಿಯಲ್ಲಿ ಒಬ್ಬ ಹೆಣ್ಣುಮಗಳದ್ದು ಇದೆ. ದ್ವಿತೀಯ ಪಿಯುಸಿ ಗಣಿತದಲ್ಲಿ ಎರಡು ಸಲ ಫೇಲು. ಬೆಳಿಗ್ಗೆಯಿಂದ ಸಂಜೆಯವರೆಗೆ ಗಾರ್ಮೆಂಟ್ಸ್ ಕೆಲಸ, ರಾತ್ರಿ ಓದು. ಮೂರನೇ ಸಲ ಕಟ್ಟಿದ್ದಾಳೆ. ಅರ್ಜಿಯಲ್ಲಿ ಕೇಳಿರುವುದು ಕೋಚಿಂಗ್ ಫೀಸನ್ನಲ್ಲ, ಮೂರು ತಿಂಗಳು ಕೆಲಸ ಬಿಟ್ಟರೆ ಮನೆಗೆ ಕಡಿಮೆಯಾಗುವ ದುಡ್ಡನ್ನು. ಶೇಕಡ 85 ಎಂಬ ಗೆರೆ ಎಳೆದರೆ ಈ ಅರ್ಜಿಯನ್ನು ಯಾರೂ ಬಿಚ್ಚಿಯೂ ನೋಡುವುದಿಲ್ಲ. 1907ರಲ್ಲಿ ಮೆಟ್ರಿಕ್ ಪಾಸಾದ ಭೀಮರಾವ್ ಎಂಬ ಹುಡುಗನ ಅಂಕ ಒಟ್ಟು ಅಂಕದ ಅರ್ಧವನ್ನೂ ಮುಟ್ಟಿರಲಿಲ್ಲ. ಕೃಷ್ಣಾಜಿ ಕೇಳುಸ್ಕರ್ ಎಂಬ ಮೇಷ್ಟ್ರು ಆ ಹುಡುಗನ ಅಂಕಪಟ್ಟಿ ಮಾತ್ರ ನೋಡಿ ಕೂರಲಿಲ್ಲ. ಅವನನ್ನು ನೋಡಿದ್ದರು, ತಾವು ಬರೆದ ಬುದ್ಧಚರಿತ್ರೆಯನ್ನು ಅವನ ಕೈಗಿಟ್ಟರು, ಬರೋಡದ ಮಹಾರಾಜರವರೆಗೆ ಕರೆದುಕೊಂಡು ಹೋದರು.

ಇನ್ನೊಂದು ಮಾತು, ಕೆಲವರಿಗೆ ಕಹಿಯಾಗಬಹುದು. ಹನ್ನೊಂದರಲ್ಲಿ ನಾಲ್ಕು ಅರ್ಜಿ ಸರ್ಕಾರಿ ನೌಕರಿಯಲ್ಲಿರುವ ನಮ್ಮವರ ಮನೆಯವು. ಅಂಕ ಚೆನ್ನಾಗಿವೆ, ಮಕ್ಕಳು ಜಾಣರು, ನಿಯಮದ ಪ್ರಕಾರ ತಪ್ಪೇನೂ ಇಲ್ಲ. ತನ್ನದೇ ಬಗೆಯ ದೊಡ್ಡ ಮರದ ಕೆಳಗೆ ಸಸಿ ಸಾಯುತ್ತದೆ ಎಂದು ಹೇಳಿ ಇವರನ್ನು ಚುಚ್ಚುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಫಾರ್ವರ್ಡಿನವರು ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ. ಕಾಡಿನ ಮರಕ್ಕೆ ತನ್ನ ನೆರಳು ಯಾರ ಮೇಲೆ ಬೀಳುತ್ತಿದೆ ಎಂಬುದು ಗೊತ್ತಿಲ್ಲ, ಅದನ್ನು ಬೈದು ಫಲವಿಲ್ಲ, ಹೊಗಳಿಯೂ ಫಲವಿಲ್ಲ. ನಮಗೆ ಗೊತ್ತಾಗುತ್ತದೆ. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು ಓದಿದ ನಮ್ಮವರ ಬಗ್ಗೆ ನೊಂದು ಮಾತಾಡಿದ್ದು ಈ ಗೊತ್ತಿರುವವರನ್ನು ಕುರಿತೇ. ಆ ನಾಲ್ಕು ಮನೆಯವರು ಭಾನುವಾರಕ್ಕೆ ಮೊದಲು ಮನೆಯಲ್ಲಿ ಕೂತು ಒಂದು ಸಲ ಮಾತಾಡಿಕೊಳ್ಳಲಿ ಎಂಬುದಷ್ಟೇ ನನ್ನ ಕೋರಿಕೆ. ಹಿಂದೆ ತೆಗೆದುಕೊಂಡರೆ ಸಂತೋಷ, ತೆಗೆದುಕೊಳ್ಳದಿದ್ದರೆ ಅವರ ಅರ್ಜಿಯನ್ನೂ ಉಳಿದವುಗಳ ಜೊತೆಗೇ ನೋಡುತ್ತೇವೆ.

ನಾನು ಸಭೆಯಲ್ಲಿ ಇಡುವ ಸಲಹೆ ಇಷ್ಟು. ಅಂಕದ ಗೆರೆ ಬೇಡ. ಹನ್ನೊಂದು ಮನೆಗೂ ಇಬ್ಬಿಬ್ಬರು ಹೋಗಿ ಬರೋಣ. ಓದಲು ಜಾಗ ಎಲ್ಲಿದೆ, ದೀಪ ಎಷ್ಟು ಹೊತ್ತು ಇರುತ್ತದೆ, ನೀರು ತರುವವರು ಯಾರು, ಮನೆಯಲ್ಲಿ ಓದು ಹೇಳಿಕೊಡುವವರು ಇದ್ದಾರಾ, ಬರೆದುಕೊಂಡು ಬರೋಣ. ಅಂಕಪಟ್ಟಿ ಆಮೇಲೆ ನೋಡೋಣ. ಇದರಿಂದ ತಪ್ಪು ಆಯ್ಕೆ ಆಗಬಹುದು. ಒಂದೆರಡು ವರ್ಷ ಫಲ ಕಾಣದೆಯೂ ಹೋಗಬಹುದು, ಆಗ ಲೆಕ್ಕ ಕೇಳುವವರಿಗೆ ಉತ್ತರ ಕೊಡುವವನು ನಾನಿರುತ್ತೇನೆ.

ಭಾನುವಾರ ವಂದನೆ ಮುಗಿದ ಮೇಲೆ ಹನ್ನೊಂದು ಗಂಟೆಗೆ ವಿಹಾರದಲ್ಲೇ ಸಭೆ. ಮನೆ ಭೇಟಿಗೆ ಬರಲು ಬೈಕ್ ಇರುವವರು ಯಾರಾದರೂ ಇದ್ದರೆ ಹೆಸರು ಕೊಡಿ. ನನ್ನ ಮಂಡಿ ನೋವಿಗೆ ಹನ್ನೊಂದು ಮನೆ ನಡೆದು ಮುಗಿಯುವುದಿಲ್ಲ.

ನಮೋ ಬುದ್ಧಾಯ. ಜೈ ಭೀಮ್.